ತಾಲ್ಲೂಕು ರೆಕಾರ್ಡ್ ರೂಮಿನಲ್ಲಿ ಹಳೇ ಮರಣ ದಾಖಲೆ ಹುಡುಕಿಸುವ ಸೇವೆ ಹೇಗಿದೆ?

ಮನೆತನದ ಇತಿಹಾಸ ಬರೆಯಬೇಕು ಅಂದುಕೊಂಡವರಿಗೆ ಸರ್ಕಾರದ ಮರಣ ರಿಜಿಸ್ಟರು ಉಪಯೋಗಕ್ಕೆ ಬರುತ್ತದಾ? ಖಂಡಿತ ಬರುತ್ತದೆ. ನನಗೆ ಬಂದಿದೆ. ದಾಖಲೆ ಇಟ್ಟುಕೊಂಡಿರುವ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ಹುಡುಕಿಕೊಡುವ ಮನುಷ್ಯ ಸಿಕ್ಕರೆ ಅವರಿಗೂ ಪೂರ್ತಿ ಅಂಕ. ಆದರೆ ಹುಡುಕಲು ಬೇಕಾದ ಪಟ್ಟಿ ಇಲ್ಲ. ಜೊತೆಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದ ಒಂದು ಕಾಲಮ್ಮನ್ನು ಕಾನೂನೇ ಮುಚ್ಚಿಟ್ಟಿದೆ. ಇವೆರಡರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅಮ್ಮನ ಕಡೆಯ ವಂಶವೃಕ್ಷ ಬರೆಯಲು ಶುರು ಮಾಡಿ ಕೆಲವು ವರ್ಷಗಳಾದವು. ಗಂಡಸರ ಹೆಸರು ಹೇಗೋ ಸಿಗುತ್ತದೆ. ಪಹಣಿಯಲ್ಲಿ, ಕ್ರಯಪತ್ರದಲ್ಲಿ, ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಕಾಗದದಲ್ಲಿ ಅವರೇ ಇರುತ್ತಾರೆ. ಜಮೀನು ಹೆಸರಿಗಿಲ್ಲದ ಹೆಂಗಸರು ಎಲ್ಲೂ ಇರುವುದಿಲ್ಲ. ಅಮ್ಮನ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ಹಾಗೆ ಎಲ್ಲೂ ಇಲ್ಲದವರು. ಅವರ ಒಂದು ಫೋಟೋ ಇಲ್ಲ, ಸಹಿ ಇಲ್ಲ. ಉಳಿದಿರುವುದು ಒಂದು ತಿಥಿ ಮಾತ್ರ. ಫಾಲ್ಗುಣ ಬಹುಳ ನವಮಿ. ನನ್ನ ಸೋದರಮಾವ ಈಗಲೂ ಆ ದಿನ ಅವರನ್ನು ನೆನೆದು ಎಡೆ ಇಡುತ್ತಾರೆ. ಯಾವ ವರ್ಷ ಅಂತ ಕೇಳಿದರೆ "ಹೇವಿಳಂಬಿ ಸಂವತ್ಸರ ಅಂತ ಅಮ್ಮ ಹೇಳ್ತಿದ್ದಳು" ಅಂದರು. ಹೇವಿಳಂಬಿ ಇತ್ತೀಚೆಗೆ ಬಂದದ್ದು 2017ರ ಯುಗಾದಿಗೆ. ಒಂದು ಸಂವತ್ಸರ ತಿರುಗಿ ಬರುವುದು ಅರವತ್ತು ವರ್ಷಕ್ಕೆ, ಹಾಗಾಗಿ ಅಷ್ಟು ಹಿಂದೆ ಹೋದರೆ 1957ರ ಯುಗಾದಿ. ಅದರ ಕೊನೆಯ ತಿಂಗಳು ಫಾಲ್ಗುಣ. ಹಾಗಾದರೆ ಅವರು ತೀರಿಕೊಂಡದ್ದು 1958ರ ಮಾರ್ಚಿನಲ್ಲಿ. ನಮ್ಮ ಕಡೆಯ ಯಾರದ್ದೇ ಮನೆಯಲ್ಲಿ ತಿಥಿ ನೆನಪಿದ್ದು ಇಸವಿ ಮರೆತಿದ್ದರೆ, ಸಂವತ್ಸರದ ಹೆಸರು ಹಿರಿಯರಲ್ಲಿ ಕೇಳಿಕೊಳ್ಳಿ. ಮರಣ ದಾಖಲೆ ಹುಡುಕಲು ಇದಕ್ಕಿಂತ ಒಳ್ಳೆ ಸುಳಿವು ಸಿಗುವುದು ಕಷ್ಟ.

ಇಸವಿ ಗೊತ್ತಾದ ಮೇಲೆ ನನ್ನ ಕುತೂಹಲ ಇನ್ನೂ ಹೆಚ್ಚಾಯಿತು. ಯಾಕೆಂದರೆ ಮನೆಯಲ್ಲಿ ಬಂದ ಮಾತು "ಜ್ವರದಲ್ಲಿ ಹೋದಳು, ಮೂಗಿನಲ್ಲಿ ರಕ್ತ ಬಂದಿತ್ತು" ಅಂತ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಕಂಡುಹಿಡಿದದ್ದು 1957ರಲ್ಲಿ. ಮೊದಲು ಅವರಿಗೆ ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ಅನುಮಾನ ಇತ್ತು. ಅದೇ ಮುಂದೆ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ ಆಯಿತು. ಉಣುಗು ಕಚ್ಚಿ ಬರುವ ಈ ಜ್ವರ ಡಿಸೆಂಬರಿನಿಂದ ಮೇ ತನಕ ಜಾಸ್ತಿ. ದರಕು, ಅಂದರೆ ಒಣಗಿದ ಎಲೆ, ಗುಡಿಸಲು, ಸೌದೆಗೆ, ಸೊಪ್ಪಿಗೆ ಜನ ಕಾಡಿಗೆ ಹೋಗುವ ಕಾಲ ಅದು. ಮುತ್ತಜ್ಜಿ ಹೋದದ್ದು ಮಾರ್ಚಿನಲ್ಲಿ, ಆ ವೈರಸ್ ಪತ್ತೆಯಾದ ಮರುವರ್ಷ, ಅದೇ ಜಿಲ್ಲೆಯಲ್ಲಿ. ಹಾಗಾಗಿ ರಿಜಿಸ್ಟರಿನಲ್ಲಿ ಸಾವಿನ ಕಾರಣದ ಜಾಗದಲ್ಲಿ ಏನು ಬರೆದಿದ್ದಾರೆ ಅಂತ ನೋಡಲೇಬೇಕು ಅನ್ನಿಸಿತು. ಆ ಕಾಲದ ಹಳ್ಳಿಯ ರಿಜಿಸ್ಟರಿನಲ್ಲಿ ಬಹುಶಃ "ಜ್ವರ" ಅಂತಷ್ಟೇ ಇರುತ್ತದೆ. ಆದರೂ ಆ ಒಂದು ಶಬ್ದ ನನಗೆ ಬೇಕು.

ತೊಡಕು ಅಂದರೆ, ಊರೇ ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಜ್ಜಿಯ ಮನೆಯವರು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬೇರೆ ಕಡೆ ಬಂದು ನೆಲೆ ನಿಂತರು. ಊರು ಮುಳುಗಿದರೂ ಅದರ ಜನನ ಮರಣದ ಪುಸ್ತಕ ಮುಳುಗಿಲ್ಲ ಅನ್ನುವುದು ನನಗೆ ಈ ಓಡಾಟದಲ್ಲಿ ಸಿಕ್ಕ ದೊಡ್ಡ ಸಮಾಧಾನ. ಆಗ ಹಳ್ಳಿಗಳಲ್ಲಿ ಪಟೇಲರು, ಶಾನುಭೋಗರು ಬರೆದಿಟ್ಟ ಲೆಕ್ಕ ತಾಲ್ಲೂಕು ಕಚೇರಿಗೆ ಬಂದು ಸೇರಿದೆ.

ಈಗ ಕಾನೂನಿನ ವಿಷಯ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಜನನ ಮರಣ ನೋಂದಣಿ ಅಧಿನಿಯಮ 1969ರದ್ದು. ಅದರ 17ನೇ ಕಲಂ ಪ್ರಕಾರ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಒಂದು ಹೆಸರನ್ನು ಹುಡುಕಿಸಬಹುದು, ಅದರ ನಕಲು ಪಡೆಯಬಹುದು. ಸಂಬಂಧಿಕರೇ ಆಗಿರಬೇಕು ಅಂತ ಅಲ್ಲಿ ಬರೆದಿಲ್ಲ. ಆಸ್ತಿ ವ್ಯವಹಾರ ಇರಬೇಕು ಅಂತಲೂ ಇಲ್ಲ. ಹುಡುಕುವ ಪ್ರತಿ ವರ್ಷಕ್ಕೆ ಒಂದಿಷ್ಟು ಶುಲ್ಕ. ಅದೂ ದೊಡ್ಡ ಮೊತ್ತವಲ್ಲ. ಕರ್ನಾಟಕದ ನಿಯಮಗಳು 1999ರಲ್ಲಿ ಬಂದವು. ಮರಣ ರಿಜಿಸ್ಟರು ಕಾಯಂ ದಾಖಲೆ, ಅದನ್ನು ನಾಶ ಮಾಡುವಂತಿಲ್ಲ. ಕಾನೂನು ಓದುತ್ತಾ ಹೋದರೆ ಯಾರೋ ನಮ್ಮಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ ಅನ್ನಿಸುತ್ತದೆ.

ಕೌಂಟರಿನಲ್ಲಿ ಹಾಗನ್ನಿಸುವುದಿಲ್ಲ. ನಾನು ಹೋದ ಕಚೇರಿಯ ಹೆಸರು ಹೇಳುವುದಿಲ್ಲ. ಬೇರೆ ಕಡೆಯೂ ಹೀಗೇ ಇರಬಹುದು. ಕೇಸ್ ವರ್ಕರ್ ಅರ್ಜಿ ನೋಡಿ ಮೊದಲು ಕೇಳಿದ್ದು, "ಪೌತಿ ಖಾತೆಗಾ ಮೇಡಂ?" ಅಲ್ಲ ಅಂದೆ. "ಕೋರ್ಟ್ ಕೇಸಾ?" ಅದೂ ಅಲ್ಲ. ಮುತ್ತಜ್ಜಿಯ ಬಗ್ಗೆ ತಿಳಿದುಕೊಳ್ಳಬೇಕು ಅಂದಾಗ ಅವರು ಅರ್ಜಿ ವಾಪಸ್ ಮೇಜಿನ ಮೇಲಿಟ್ಟು, ಅಫಿಡವಿಟ್ ಮಾಡಿಸಿಕೊಂಡು ಬನ್ನಿ, ವಂಶವೃಕ್ಷ ಪ್ರಮಾಣಪತ್ರ ಲಗತ್ತಿಸಿ ಅಂದರು. ನಾನು ಮಾಡಿಸಬೇಕಾಗಿದ್ದೇ ವಂಶವೃಕ್ಷ! ಗ್ರಾಮ ಆಡಳಿತ ಅಧಿಕಾರಿ ವರದಿ ಕೊಟ್ಟು ಆಗುವ ಆ ಕಾಗದಕ್ಕೆ ನೂರು ವರ್ಷ ಹಿಂದಿನ ಹೆಸರು ಹಾಕಿಸಬೇಕಾದರೆ ಆಧಾರವಾಗಿ ಮರಣ ದಾಖಲೆಯೇ ಬೇಕು. 17ನೇ ಕಲಂ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದ ಮೇಲೆ ಅರ್ಜಿ ಟಪಾಲಿಗೆ ಹೋಯಿತು. ಸ್ವೀಕೃತಿ ಮುದ್ರೆಯೂ ಬಿತ್ತು. ಜಗಳ ಮಾಡಬೇಕಾಗಿ ಬರಲಿಲ್ಲ. ಆ ಕಾಗದವನ್ನು ಅವರು ಓದಿದರು, ಇನ್ನೊಬ್ಬರಿಗೂ ತೋರಿಸಿದರು. ಅದು ನನಗೆ ಇಷ್ಟವಾಯಿತು.

ಮೊದಲು ಬಂದದ್ದು ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. "ಸದರಿ ಗ್ರಾಮದ ಮರಣ ದಾಖಲೆ ಲಭ್ಯವಿರುವುದಿಲ್ಲ." ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ವಾಕ್ಯ ಗೊತ್ತೇ ಇರುತ್ತದೆ. ಇದನ್ನು ಓದಿ ತುಂಬಾ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದು ನನಗೆ ಬೇಸರದ ವಿಷಯ. ಈ ವಾಕ್ಯಕ್ಕೆ ಪುಸ್ತಕ ಕಳೆದುಹೋಗಿದೆ ಅನ್ನುವ ಅರ್ಥ ಇರಬೇಕಿಲ್ಲ. ನೀವು ಕೊಟ್ಟ ಊರಿನ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ ಅಂತಲೂ ಇರಬಹುದು. ಮುಳುಗಿದ ಊರು ಈಗಿನ ಗ್ರಾಮಗಳ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಅಲ್ಲಿಂದ ಮುಂದೆ ಕೆಲಸ ಸಾಗಿದ್ದು ಒಬ್ಬ ರೆಕಾರ್ಡ್ ಕೀಪರಿಂದ. ನಿವೃತ್ತಿಗೆ ಹತ್ತಿರದ ಮನುಷ್ಯ. ಹಿಂಬರಹ ಓದಿ, "ಊರು ಬಿಡಿ ಅಮ್ಮ, ಹೋಬಳಿ ಹೇಳಿ. ಆಗ ಪಟೇಲ್ರು ಯಾವ ಊರವರು?" ಅಂದರು. ಸೋದರಮಾವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಪಟೇಲರ ಊರು ಅವರಿಗೆ ನೆನಪಿತ್ತು. ಹಳೇ ಪುಸ್ತಕಗಳ ಕಟ್ಟು ಇರುವುದು ಹೋಬಳಿವಾರು, ವರ್ಷವಾರು. ಕೆಂಪು ಬಟ್ಟೆಯ ಗಂಟು, ಮೇಲೆ ಸುಣ್ಣದ ಬಣ್ಣದ ಚೀಟಿ, ಚೀಟಿಯ ಮೇಲೆ ಇಸವಿ. ಒಳಗೆ ಜಾಗ ಕಿರಿದು. ಮಲೆನಾಡಿನ ಮಳೆಗೆ ಗೋಡೆ ಬೆವರಿದೆ. ಆದರೂ ಗಂಟುಗಳು ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲಿವೆ, ಬೇವಿನ ಸೊಪ್ಪು ಇಟ್ಟಿದ್ದಾರೆ. ಇದನ್ನು ಯಾರೂ ಅವರಿಗೆ ಆದೇಶ ಹೊರಡಿಸಿ ಹೇಳಿರಲಿಕ್ಕಿಲ್ಲ. ಲೈಬ್ರರಿಯಲ್ಲಿ ಇಷ್ಟು ವರ್ಷ ಕಳೆದವಳಾಗಿ ಹೇಳುತ್ತೇನೆ, ಇಷ್ಟು ಕಮ್ಮಿ ಸೌಲಭ್ಯದಲ್ಲಿ ಇಷ್ಟು ಚೆನ್ನಾಗಿ ಕಾಪಾಡಿದ ಕಾಗದ ನಾನು ನೋಡಿಲ್ಲ.

ಗಂಡನ ಊರಿನ ಹಾಳೆಗಳಲ್ಲಿ ಮುತ್ತಜ್ಜಿ ಸಿಗಲಿಲ್ಲ. ಅದಕ್ಕೂ ಅವರೇ ದಾರಿ ಹೇಳಿದರು. ಸಾವು ದಾಖಲಾಗುವುದು ಸತ್ತ ಜಾಗದಲ್ಲಿ, ಮನೆ ಇರುವ ಊರಿನಲ್ಲಲ್ಲ. "ಕಾಯಿಲೆ ಆದ ಹೆಂಗಸರನ್ನ ತವರಿಗೋ ಅಕ್ಕನ ಮನೆಗೋ ಕಳಿಸ್ತಿದ್ರು, ಅಲ್ಲಿ ನೋಡೋಣ." ಅವರ ಮಾತು ನಿಜವಾಯಿತು. ಪಕ್ಕದ ಊರಿನ ಹಾಳೆಯಲ್ಲಿ, ಕೂಡಿಸಿ ಬರೆಯುವ ಮೋಡಿ ಅಕ್ಷರದ ಸಾಲಿನಲ್ಲಿ ಮುತ್ತಜ್ಜಿ ಇದ್ದರು. 1958ರ ಮಾರ್ಚ್, ಎರಡನೇ ವಾರ. ತಿಥಿ ಹೇಳಿದ ದಿನಕ್ಕೆ ಸರಿಯಾಗಿ.

ಬರೆದದ್ದು ಗಂಡನ ಹೆಸರು, ಅದರ ಮುಂದೆ "ಹೆಂಡತಿ", ಆಮೇಲೆ ಅವರ ಸ್ವಂತ ಹೆಸರು. ನಮ್ಮ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಗಂಡನ ಮನೆಯಲ್ಲಿ ಇಟ್ಟ ಹೆಸರು. ರಿಜಿಸ್ಟರಿನಲ್ಲಿ ಇದ್ದದ್ದು ತವರಿನ ಹೆಸರು. ಅಮ್ಮನಿಗೆ ಫೋನ್ ಮಾಡಿ ಆ ಹೆಸರು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳು ಆ ಹೆಸರನ್ನು ಜೀವಮಾನದಲ್ಲಿ ಕೇಳಿರಲಿಲ್ಲ. ವಯಸ್ಸು ನಲವತ್ತೈದು ಅಂತ ಇದೆ. ಅದನ್ನು ಅಂದಾಜು ಅಂತಲೇ ತಿಳಿಯಬೇಕು. ಹಳೇ ರಿಜಿಸ್ಟರುಗಳಲ್ಲಿ ವಯಸ್ಸು ಐದಕ್ಕೋ ಹತ್ತಕ್ಕೋ ನಿಲ್ಲುವುದು ಜಾಸ್ತಿ.

ಎಲ್ಲಕ್ಕಿಂತ ದೊಡ್ಡ ಲಾಭ ಮಾಹಿತಿ ಕೊಟ್ಟವರ ಕಾಲಮ್ಮಿನಿಂದ ಬಂತು. ಅಲ್ಲಿ ಅಕ್ಕನ ಗಂಡನ ಹೆಸರಿತ್ತು. ಮುತ್ತಜ್ಜಿಗೆ ಅಕ್ಕ ಇದ್ದರು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಹಿನ್ನೀರು ಬಂದಾಗ ಅವರು ಒಂದು ಕಡೆ ಹೋದರು, ನಮ್ಮವರು ಇನ್ನೊಂದು ಕಡೆ. ಎರಡು ಮನೆಗಳ ನಡುವೆ ಬಂದು ಹೋಗುವುದು ನಿಂತೇಹೋಗಿತ್ತು. ಆ ಹೆಸರು, ಆ ಊರು ಹಿಡಿದು ವಿಚಾರಿಸಿದಾಗ ಶಿವಮೊಗ್ಗದ ಹತ್ತಿರ ಅವರ ಮೊಮ್ಮಕ್ಕಳ ಮನೆ ಸಿಕ್ಕಿತು. ಈಗ ಮದುವೆ ಮುಂಜಿಗೆ ಅವರು ಬರುತ್ತಾರೆ, ನಾವು ಹೋಗುತ್ತೇವೆ. ಒಂದು ಮರಣ ದಾಖಲೆ ತೆಗೆಸಿ ಜೀವಂತ ನೆಂಟರನ್ನು ಪಡೆದೆ. ಮರಣ ದಾಖಲೆ ಯಾರಿಗೆ ಬೇಕಾದರೂ ಸಿಗಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬಯಲುಸೀಮೆಯ, ಉತ್ತರ ಕರ್ನಾಟಕದ ಸ್ನೇಹಿತರಿಗೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಹಾಗೆ ಬರುವವರು ಯಾರೂ ಇರಲಿಲ್ಲ. ನಮಗೆ ಇರುವುದು ತಾಲ್ಲೂಕು ಕಚೇರಿ ಮಾತ್ರ.

ಇನ್ನು ಸಾವಿನ ಕಾರಣದ ವಿಷಯ. ನಕಲಿನಲ್ಲಿ ಅದು ಬರಲಿಲ್ಲ. ರೆಕಾರ್ಡ್ ಕೀಪರು ಆ ಕಾಲಮ್ಮಿನ ಮೇಲೆ ಒಂದು ಖಾಲಿ ಹಾಳೆ ಇಟ್ಟುಕೊಂಡೇ ನನಗೆ ಉಳಿದದ್ದು ಓದಿ ಹೇಳಿದರು. ಅವರನ್ನು ದೂರುವ ಹಾಗಿಲ್ಲ. ಯಾರಿಗೆ ಬೇಕಾದರೂ ನಕಲು ಕೊಡಿ ಅಂತ ಹೇಳುವ ಅದೇ 17ನೇ ಕಲಂ, ಮರಣದ ನಕಲಿನಲ್ಲಿ ಸಾವಿನ ಕಾರಣ ಬಹಿರಂಗ ಮಾಡಬಾರದು ಅಂತಲೂ ಹೇಳುತ್ತದೆ. ನಿನ್ನೆ ಮೊನ್ನೆ ತೀರಿಕೊಂಡವರ ವಿಷಯದಲ್ಲಿ ಇದು ಸರಿಯೇ. ಆತ್ಮಹತ್ಯೆ ಇರಬಹುದು, ಏಡ್ಸ್ ಇರಬಹುದು. ಹೆಂಡತಿ ಮಕ್ಕಳು ಊರಲ್ಲಿ ಬದುಕಬೇಕಲ್ವಾ? ಆದರೆ ಈ ಮಿತಿಗೆ ಕೊನೆ ಅನ್ನುವುದೇ ಇಲ್ಲ. ಅರವತ್ತು ವರ್ಷ ದಾಟಿದರೂ, ನೂರು ವರ್ಷ ದಾಟಿದರೂ ಅದೇ ನಿಯಮ.

ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಅಲ್ಲಿನ ಪದ್ಧತಿ ತೋರಿಸಿದ. ಇಂಗ್ಲೆಂಡ್ ಮತ್ತು ವೇಲ್ಸಿನ ಮರಣ ನೋಂದಣಿ 1837ರಿಂದ ಇದೆ. ಜನರಲ್ ರಿಜಿಸ್ಟರ್ ಆಫೀಸಿನ ಸೂಚಿ ಇಂಟರ್ನೆಟ್ಟಿನಲ್ಲೇ ಇದೆ. ಖಾತೆ ತೆರೆದು ಹೆಸರು, ಅಂದಾಜು ಇಸವಿ ಹಾಕಿದರೆ ವಯಸ್ಸು, ಜಿಲ್ಲೆ, ಸಂಪುಟ, ಪುಟ ಎಲ್ಲಾ ಬರುತ್ತದೆ. ಶುಲ್ಕ ಕಟ್ಟಿದರೆ ಯಾರ ಮರಣ ಪ್ರಮಾಣಪತ್ರವನ್ನು ಯಾರು ಬೇಕಾದರೂ ತರಿಸಬಹುದು. ಅದರಲ್ಲಿ ಉದ್ಯೋಗವೂ ಇರುತ್ತದೆ, ಸಾವಿನ ಕಾರಣವೂ ಇರುತ್ತದೆ. ಸ್ಕಾಟ್ಲೆಂಡಿನವರು 50 ವರ್ಷ ದಾಟಿದ ಮರಣ ದಾಖಲೆಯ ಪುಟದ ಚಿತ್ರವನ್ನೇ ಮನೆಯಲ್ಲಿ ಕುಳಿತು ನೋಡಲು ಬಿಡುತ್ತಾರೆ. ಆ 50 ವರ್ಷದ ಲೆಕ್ಕ ನನಗೆ ತುಂಬಾ ಹಿಡಿಸಿತು. ಬದುಕಿರುವವರ ಮಾನಕ್ಕೂ ಬೆಲೆ ಇದೆ, ಮುಂದಿನವರು ತಿಳಿದುಕೊಳ್ಳುವುದಕ್ಕೂ ಜಾಗ ಇದೆ. ನಮ್ಮ ಕಾನೂನಿಗೂ ಅಂಥದೊಂದು ಸಾಲು ಸೇರಿಸಲು ಏನು ಅಡ್ಡಿ? 2023ರಲ್ಲಿ ಈ ಅಧಿನಿಯಮಕ್ಕೆ ದೊಡ್ಡ ತಿದ್ದುಪಡಿಯೇ ಆಯಿತು. ಅದೇ ಅಕ್ಟೋಬರ್ 1ರಿಂದ ಜಾರಿಗೂ ಬಂತು. ಪ್ರಮಾಣಪತ್ರ ಡಿಜಿಟಲ್ ಆಯಿತು, ರಾಷ್ಟ್ರಮಟ್ಟದ ದತ್ತಾಂಶಕ್ಕೆ ದಾರಿ ಆಯಿತು. ಆದರೆ ಹಳೇ ಸಾವುಗಳ ಕಾರಣ ತೆರೆಯುವ ಬಗ್ಗೆ ಏನೂ ಬರಲಿಲ್ಲ.

ಈಚಿನ ಸಾವುಗಳ ಬಗ್ಗೆ ಹೇಳುವುದಾದರೆ ಸೇವೆ ಒಳ್ಳೆಯದಿದೆ. ಜನನ ಮರಣ ನೋಂದಣಿಗೆ ಸರ್ಕಾರ ಮಾಡಿರುವ ಇ-ಜನ್ಮ ತಂತ್ರಾಂಶದಲ್ಲಿ ದಾಖಲಾದದ್ದು ನೋಂದಣಿ ಸಂಖ್ಯೆ ಇದ್ದರೆ ಬೇಗ ಸಿಗುತ್ತದೆ. ಚಿಕ್ಕಪ್ಪನದ್ದನ್ನು ಹಾಗೆ ಸುಲಭವಾಗಿ ತೆಗೆದುಕೊಂಡೆ. 21 ದಿನದೊಳಗೆ ನೋಂದಣಿ ಮಾಡಿಸಿ, ಮರೆಯಬೇಡಿ. ವರ್ಷ ದಾಟಿದರೆ ಉಪವಿಭಾಗಾಧಿಕಾರಿಯಂಥವರ ಆದೇಶ ಬೇಕಾಗುತ್ತದೆ, ಅದು ಬೇರೆಯೇ ಓಡಾಟ.

ನನ್ನ ನಿಜವಾದ ಬೇಡಿಕೆ ಇರುವುದು ಹಳೇ ಪುಸ್ತಕಗಳ ಪಟ್ಟಿಗೆ. ಎಲ್ಲಾ ಪುಟ ಸ್ಕ್ಯಾನ್ ಮಾಡಿ ಅಂತ ನಾನು ಈಗಲೇ ಕೇಳುತ್ತಿಲ್ಲ. ಯಾವ ತಾಲ್ಲೂಕಿನಲ್ಲಿ, ಯಾವ ಹೋಬಳಿಯದ್ದು, ಯಾವ ಇಸವಿಯಿಂದ ಯಾವ ಇಸವಿಯ ತನಕ ಪುಸ್ತಕ ಇದೆ, ನಡುವೆ ಯಾವುದು ಇಲ್ಲ, ಮುಳುಗಿದ ಮತ್ತು ಹೆಸರು ಬದಲಾದ ಊರುಗಳು ಯಾವ ಕಟ್ಟಿನಲ್ಲಿವೆ, ಇಷ್ಟು ಗೋಡೆಗೆ ಅಂಟಿಸಿದರೂ ಸಾಕು. ಲೈಬ್ರರಿಯಲ್ಲಿ ಪುಸ್ತಕ ಇದ್ದೂ ಕ್ಯಾಟಲಾಗಿನಲ್ಲಿ ಇಲ್ಲದಿದ್ದರೆ ಓದುಗರ ಪಾಲಿಗೆ ಅದು ಇಲ್ಲವೇ ಇಲ್ಲ. ಆ ರೆಕಾರ್ಡ್ ಕೀಪರ ತಲೆಯಲ್ಲಿ ಈ ಪಟ್ಟಿ ಪೂರ್ತಿ ಇದೆ. ಅವರು ನಿವೃತ್ತರಾಗುವುದರೊಳಗೆ ಯಾರಾದರೂ ಅವರ ಪಕ್ಕ ಕುಳಿತು ಬರೆದುಕೊಳ್ಳಬೇಕು. ನಾನು ಬರುತ್ತೇನೆ, ಸುಮ್ನೆ ಬಿಟ್ಟಿಯಾಗಿ ಮಾಡಿಕೊಡುತ್ತೇನೆ ಅಂತ ತಹಶೀಲ್ದಾರರಿಗೆ ಪತ್ರ ಕೊಟ್ಟಿದ್ದೇನೆ. 2024ರಲ್ಲಿ ಶುರುವಾದ ಭೂ ಸುರಕ್ಷಾ ಯೋಜನೆಯಲ್ಲಿ ಇದೇ ರೆಕಾರ್ಡ್ ರೂಮುಗಳ ಭೂ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ತುಂಬಾ ಒಳ್ಳೆ ಕೆಲಸ. ಸ್ಕ್ಯಾನರು ಆ ಕೋಣೆಗೆ ಬಂದಿರುವಾಗಲೇ ಮರಣ ರಿಜಿಸ್ಟರುಗಳನ್ನೂ ಸೇರಿಸಿಕೊಂಡರೆ ಎಷ್ಟು ಚೆನ್ನ.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಹೋಗಬೇಡಿ, ತೇವದ ಗಂಟು ಬಿಚ್ಚಲು ಅವರಿಗೂ ಮನಸ್ಸಿರುವುದಿಲ್ಲ, ಕಾಗದಕ್ಕೂ ಒಳ್ಳೆಯದಲ್ಲ. ಅರ್ಜಿಯಲ್ಲಿ ಒಂದೇ ಇಸವಿ ಬರೆಯದೆ ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ, ಶುಲ್ಕ ಸ್ವಲ್ಪ ಜಾಸ್ತಿ ಆಗಬಹುದು ಅಷ್ಟೇ. ಹೆಂಗಸರಾದರೆ ಗಂಡನ ಊರು, ತವರೂರು ಎರಡನ್ನೂ ಕೊಡಿ. ಕಲಬುರಗಿ, ಬೀದರ ಕಡೆಯವರಿಗೆ ಹಳೇ ಕಾಗದ ಉರ್ದುವಿನಲ್ಲಿ ಸಿಗಬಹುದು, ಬೆಳಗಾವಿ ಕಡೆ ಮರಾಠಿ ಮೋಡಿಯಲ್ಲಿ. ಓದಬಲ್ಲ ಹಿರಿಯರೊಬ್ಬರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಸಿಗದಿದ್ದರೆ ನಮೂನೆ 10ರಲ್ಲಿ ಅಲಭ್ಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಎಲ್ಲಿ, ಯಾವ ವರ್ಷ ಹುಡುಕಿದರು ಅಂತ ಅದರಲ್ಲಿ ಬರುತ್ತದೆ, ಮುಂದೆ ಎಲ್ಲಿ ಹುಡುಕಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ.

ಮುತ್ತಜ್ಜಿಯ ಸಾವಿನ ಕಾರಣವನ್ನು ನಾನು ಬಿಟ್ಟಿಲ್ಲ. ಮಾಹಿತಿ ಹಕ್ಕು ಅಧಿನಿಯಮದ 8(3)ನೇ ಕಲಂ ಪ್ರಕಾರ, ಅರ್ಜಿಯ ದಿನಕ್ಕೆ 20 ವರ್ಷ ಹಿಂದೆ ನಡೆದ ಘಟನೆಯ ಮಾಹಿತಿ ಕೊಡಬೇಕು. ದೇಶದ ಭದ್ರತೆ, ಸದನದ ಹಕ್ಕುಬಾಧ್ಯತೆ, ಸಚಿವ ಸಂಪುಟದ ಕಾಗದಗಳನ್ನು ಬಿಟ್ಟು ಉಳಿದ ವಿನಾಯಿತಿಗಳು, ಖಾಸಗಿ ಮಾಹಿತಿ ಅನ್ನುವ ವಿನಾಯಿತಿಯೂ ಸೇರಿ, ಅಲ್ಲಿ ಅಡ್ಡ ಬರುವುದಿಲ್ಲ. ಬೇರೆ ಕಾನೂನು ಬೇರೆ ಹೇಳಿದರೂ ಈ ಕಾನೂನು ಮೇಲು ಅಂತ 22ನೇ ಕಲಂ ಹೇಳುತ್ತದೆ. 1958ರ ಸಾವು 20 ವರ್ಷವನ್ನು ಯಾವಾಗಲೋ ದಾಟಿದೆ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದ್ದೇನೆ. ಹೋಬಳಿ, ಇಸವಿ, ಪುಟದ ಸಂಖ್ಯೆ ಎಲ್ಲಾ ಬರೆದಿದ್ದೇನೆ, ಹುಡುಕಲು ಕಷ್ಟ ಅನ್ನುವ ಮಾತು ಬರಬಾರದು ಅಂತ. ಉತ್ತರಕ್ಕೆ 30 ದಿನ ಇದೆ. ಕೊಡುವುದಿಲ್ಲ ಅಂದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಏನು ಉತ್ತರ ಬಂತು ಅಂತ ಇಲ್ಲೇ ಬರೆಯುತ್ತೇನೆ.